ಒಂದು ಗೇಣಿನ ನಿಯಮ

ಮೇಲೂರಿನಿಂದ ಮೂರು ಮೈಲಿ ಆಚೆಯ ಊರಿನಲ್ಲಿ ಕೆರೆಯ ತೂಬು ಎತ್ತಿ, ಇಳಿಸಿ, ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿ ಮುನಿಗಂಗಪ್ಪ. ಅವನ ತಲೆಯಲ್ಲಿ ನಿಯಮಗಳ ದೊಡ್ಡ ಗಂಟೇ ಇತ್ತು. ಎರ್ರಪ್ಪನ ಗದ್ದೆಗೆ ಕೊನೆಯ ಸರದಿ, ಅವನ ತಾತ ಕಾಲುವೆ ಒಡೆದದ್ದಕ್ಕೆ. ಅಮಾವಾಸ್ಯೆಗೆ ಬಡಗಣ ಕಾಲುವೆ ಬಂದ್, ಯಾವುದೋ ಹಳೇ ಜಗಳಕ್ಕೆ. ತಾತ ಸೇರಿಸಿದ್ದ, ಅಪ್ಪ ಸೇರಿಸಿದ್ದ, ಇವನೂ ಸೇರಿಸಿದ್ದ. ತೆಗೆದವರು ಮಾತ್ರ ಯಾರೂ ಇಲ್ಲ.

೧೯೬೧ರಲ್ಲಿ ಪಂಚಾಯಿತಿ ಅಧ್ಯಕ್ಷ ಚನ್ನಕೇಶವ ಮುನಿಗಂಗಪ್ಪನನ್ನು ಎದುರಿಗೆ ಕೂರಿಸಿಕೊಂಡು ಇದನ್ನೆಲ್ಲ ಕಾಗದಕ್ಕಿಳಿಸಲು ಕೂತ. ಓದಿದವನು, ಒಳ್ಳೆಯವನು. ಆದರೆ ಕಾರಣ ಸಿಗದ ನಿಯಮಕ್ಕೆಲ್ಲ ಗೀಟು ಹೊಡೆಯುತ್ತಾ ಹೋದ.

“ತೂಬು ಮೊದ್ಲು ಒಂದು ಗೇಣು ಎತ್ತಿ, ಎಲೆಅಡಿಕೆ ಜಗಿದು ಮುಗಿಸೋಗಂಟ ನಿಂತು, ಆಮೇಲೆ ಪೂರ್ತಿ ಎತ್ಬೇಕು ಸ್ವಾಮಿ.”

“ಯಾಕೋ?”

ಅಪ್ಪ ಕಾರಣ ಹೇಳಿರಲಿಲ್ಲ, ಮುನಿಗಂಗಪ್ಪನೂ ಕೇಳಿರಲಿಲ್ಲ. ಗೊತ್ತಿಲ್ಲ ಎಂದರೆ ಈ ನಿಯಮವೂ ಹೋಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

“ಕಾಲುವೆ ತಿರುವಲ್ಲಿ ಏಡಿ ಬಿಲ ಅವೆ. ನೀರು ಒಂದೇ ಸಲಕ್ಕೆ ನುಗ್ಗಿದ್ರೆ ದಂಡೆ ಕೊಚ್ಕೊಂಡೋಯ್ತದೆ.”

ನಿಯಮ ಉಳಿಯಿತು. ಮುನಿಗಂಗಪ್ಪ ತನ್ನ ಜಾಣತನಕ್ಕೆ ತಾನೇ ಬೀಗಿದ, ಪಾಪ. ಹದಿನೈದೇ ದಿನದಲ್ಲಿ ಅಧ್ಯಕ್ಷ ಆ ತಿರುವಿಗೆ ಕಲ್ಲು ಕಟ್ಟಿಸಿ ಗಾರೆ ಮೆತ್ತಿಸಿದ.

“ಏಡಿ ಕಾಟ ಮುಗೀತು ಕಣೋ. ನಾಳೆಯಿಂದ ಒಂದೇ ಸಲಕ್ಕೆ ಎತ್ತು.”

ಅಂದು ರಾತ್ರಿ ಮುನಿಗಂಗಪ್ಪ ಮುದ್ದೆಯ ತಟ್ಟೆ ಪಕ್ಕಕ್ಕೆ ಸರಿಸಿ ಹೆಂಡತಿಗೆ ಎಲ್ಲ ಹೇಳಿದ.

“ಸುಳ್ಳು ಅಂತ ಒಪ್ಕೊಂಬಿಡು,” ಎಂದಳು ಹೆಂಡತಿ ಓಬಳಮ್ಮ.

“ಒಪ್ಕೊಂಡ್ರೆ ಮಿಕ್ಕಿದ್ದನ್ನ ಯಾರು ನಂಬ್ತಾರೆ?”

ಆದರೆ ಏನಾದರೂ ಎಡವಟ್ಟಾದರೆ ಹೋಗುವುದು ಕೆರೆಯ ನೀರು, ಅದರ ಜೊತೆಗೆ ಊರಿನ ಇಡೀ ವರ್ಷದ ಭತ್ತ. ಆ ಭಯ ಅವನನ್ನು ಒಳಗೊಳಗೇ ಕೊರೆಯಿತು.

ಬೆಳಿಗ್ಗೆ ಹೊಸ ಪದ್ಧತಿ ನೋಡಲು ಕೆರೆ ಏರಿಯ ಮೇಲೆ ಅರ್ಧ ಊರೇ ಸೇರಿತ್ತು. ಮುನಿಗಂಗಪ್ಪ ತೂಬಿನ ಕೋಲು ಹಿಡಿದು ಅಧ್ಯಕ್ಷನ ಮುಖ ನೋಡಿದ. ಅಷ್ಟು ಜನರ ಮುಂದೆ ಸುಳ್ಳುಗಾರ ಎನಿಸಿಕೊಳ್ಳುವುದು ಬೇಡವೆಂದುಕೊಂಡ. ಒಂದೇ ಉಸಿರಿಗೆ ಜಗ್ಗಿದ. ಎಂದೂ ಇಲ್ಲದ ಭಾರ. ಆಮೇಲೆ ಲಟಕ್ಕೆಂದು ಸದ್ದು, ಕೋಲು ಹಗುರಾಗಿ ಮೇಲೆ ಬಂತು.

ತುದಿಯಲ್ಲಿ ತೂಬಿನ ಕಂಡಿ ಮುಚ್ಚುವ ಬಿರಡೆ ಅರ್ಧ ಮಾತ್ರ ಇತ್ತು. ಯಾವ ಕಾಲದಲ್ಲೋ ಸೀಳಿದ ಮರದ ಬಿರಡೆಗೆ ಯಾರೋ ಕಬ್ಬಿಣದ ಪಟ್ಟಿ ಬಿಗಿದಿದ್ದರು. ಮೆಲ್ಲಗೆ ಎತ್ತಿದರಷ್ಟೇ ಅದು ತಾಳುತ್ತಿತ್ತು. ಮಿಕ್ಕರ್ಧ ನೀರಿನೊಂದಿಗೆ ಹೋಗಿತ್ತು, ಇನ್ನು ತೂಬು ಮುಚ್ಚುವಂತಿರಲಿಲ್ಲ.

“ಮುಚ್ಚೋ! ಮುಚ್ಚೋ!” ಚನ್ನಕೇಶವ ಕೂಗುತ್ತಿದ್ದ. ಜನ ಹುಲ್ಲಿನ ಹೊರೆ, ಮಣ್ಣಿನ ಮೂಟೆ ಹುಡುಕಿಕೊಂಡು ದಿಕ್ಕಾಪಾಲಾಗಿ ಓಡಿದರು.

“ನಾನು ಸುಳ್ಳು ಹೇಳ್ದೆ ಸ್ವಾಮಿ,” ಎಂದ ಮುನಿಗಂಗಪ್ಪ. ನೀರಿನ ಭೋರ್ಗರೆತದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.