ಕಪ್ಪು ಪ್ಯಾಂಟು ಬೆಳ್ಳಗಾಗುವ ಕ್ಯಾಮೆರಾ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಹಬೆ ಇಸ್ತ್ರಿಯ ಮುಂದೆ ನಿಂತು ನಿಂತೇ ಮುದುಕರಾಗುತ್ತಿರುವವರು. ಬೆಳಗ್ಗೆ ಹೋದರೆ ಹಾಸಿಗೆ ಹೊದಿಕೆ, ದಿಂಬಿನ ಕವರು, ಸಪ್ಲೈಯರುಗಳ ಕರಿ ಕೋಟು. ಸಂಜೆ ಬಂದರೆ ಕಾಲಿನ ನರ ಎಳೆತ. ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತರೆ ಯಾರು ಏನು ಕೇಳಿದರೂ "ಹೂಂ" ಅನ್ನುತ್ತಾರೆ. ಅಂಥ ಮನುಷ್ಯನಿಗೆ ಕ್ಯಾಮೆರಾದ ಹುಚ್ಚು ಎಲ್ಲಿಂದ ಅಂಟಿತೋ ನಾನು ಕಾಣೆ.

ಕ್ಯಾಮೆರಾ ಅಂದರೆ ಒಳ್ಳೆಯದೇನಲ್ಲ. ಫೋನು ಬಂದ ಮೇಲೆ ಜನ ಮೂಲೆಗೆಸೆದ ಪುಟ್ಟ ಡಿಜಿಟಲ್ ಕ್ಯಾಮೆರಾಗಳು. ಗುಜರಿಯವನು ಆಲೂಗಡ್ಡೆ ತೂಗಿದ ಹಾಗೆ ತೂಗಿ ಕೊಡುತ್ತಾನೆ. ರಜೆಯ ದಿನ ಭಾವ ಅವನ್ನು ಊಟದ ಮೇಜಿನ ಮೇಲೆ ಹರವಿ, ಬಿಚ್ಚುತ್ತಾ ಕೂರುತ್ತಾರೆ. ಒಮ್ಮೆ ಫ್ಲ್ಯಾಶಿನ ಕರೆಂಟು ಹೊಡೆದು ಕುರ್ಚಿ ಸಮೇತ ಹಿಂದಕ್ಕೆ ಬಿದ್ದರು. ಅಕ್ಕ ಎತ್ತಿ ಕೂರಿಸಿ, "ಹೋಟೆಲಲ್ಲಿ ಬೇಯೋದು ಸಾಲ್ದು ಅಂತ ಮನೇಲೂ ಸುಟ್ಕೋಬೇಕಾ?" ಎಂದಳು. ಅದಕ್ಕೂ "ಹೂಂ" ಎಂದರು.

ಅವರ ಪ್ರಯೋಗ ಇಷ್ಟೇ. ಕ್ಯಾಮೆರಾದ ಹೊಟ್ಟೆಯೊಳಗೆ ಉಗುರಿನಷ್ಟು ಗಾಜೊಂದಿರುತ್ತದೆ. ನಮ್ಮ ಕಣ್ಣಿಗೆ ಕಾಣದ ಒಂದು ಥರದ ಬೆಳಕನ್ನು ಅದು ಒಳಗೆ ಬಿಡುವುದಿಲ್ಲ. ಭಾವ ಅದನ್ನು ಕಿತ್ತು, ಕಾಣುವ ಬೆಳಕನ್ನೇ ತಡೆಯಲೆಂದು ಹಳೇ ಫಿಲಂ ರೀಲಿನ ಕರಿ ತುದಿ ಕತ್ತರಿಸಿ ಅಂಟಿಸಿದರು. ಆಮೇಲೆ ತೆಗೆದ ಫೋಟೋಗಳಲ್ಲಿ ಲೋಕವೇ ತಿರುಗುಮುರುಗು. ಮರದ ಎಲೆಗಳು ಸುಣ್ಣ ಬಳಿದ ಹಾಗೆ, ಆಕಾಶ ಕಪ್ಪು. ಲಾಂಡ್ರಿಯ ಹಿಂಬಾಗಿಲಲ್ಲಿ ಬಿಸಿಲಿಗೆ ನಿಂತಿದ್ದ ಸಪ್ಲೈಯರುಗಳ ಕರಿ ಪ್ಯಾಂಟೆಲ್ಲ ಬೆಳ್ಳಗೆ ಬಂದು, ಪೈಜಾಮದಲ್ಲೇ ಹಾಸಿಗೆಯಿಂದ ನೇರ ಡ್ಯೂಟಿಗೆ ಎದ್ದು ಬಂದವರಂತೆ ಕಂಡರು. ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನನಗೆ ನಗು ಬರಲಿಲ್ಲ. ವಾರಕ್ಕೊಂದು ರಜೆ, ಅದರಲ್ಲೂ ಒಂದು ಗಳಿಗೆ ಬೆನ್ನು ನೆಲಕ್ಕೆ ತಾಗಿಸದೆ ಇದೇನು ಕರ್ಮ ಎಂದು ಸಿಟ್ಟೇ ಬರುತ್ತಿತ್ತು.

ಆ ಮನೆಯಲ್ಲಿ ತೆಗೆಯಬೇಕಾದ ಫೋಟೋ ಒಂದೇ ಇತ್ತು. ಮಗಳು ಹುಟ್ಟಿದ ಮರುವರ್ಷ ಅಕ್ಕನ ತುಟಿಯ ಪಕ್ಕ ಬಿಳಿ ಮಚ್ಚೆಯೊಂದು ಎದ್ದು, ಕೆನ್ನೆ, ಹಣೆ, ಕುತ್ತಿಗೆಗೆಲ್ಲ ಹರಡಿತು. ಅಂದಿನಿಂದ ಅವಳು ಕ್ಯಾಮೆರಾ ಕಂಡರೆ ಅಡುಗೆಮನೆ ಸೇರುತ್ತಾಳೆ. ಮಗಳ ಮದುವೆಯ ಇಡೀ ಆಲ್ಬಮ್ಮಿನಲ್ಲಿ ಅವಳದೆಂದು ಸಿಕ್ಕಿದ್ದು ಒಂದು ಮೊಣಕೈ. ಈಗ ದೂರದ ಊರಿನಲ್ಲಿರುವ ಆ ಮಗಳಿಗೇ ಮಗುವಾಗಿದೆ. "ಅಮ್ಮಂದೊಂದು ಫೋಟೋ ಕಳ್ಸಪ್ಪ. ನಾಳೆ ಇವನು ಅಜ್ಜಿ ಎಲ್ಲಿ ಅಂದ್ರೆ ಮೊಣಕೈ ತೋರಿಸ್ಲಾ?" ಎಂದು ಫೋನಿನಲ್ಲಿ ಅಳುತ್ತಾಳೆ. ಭಾವ ಅಕ್ಕನನ್ನು ಕೇಳಿ ನೋಡಿದರು. ಅವಳು ಪಾತ್ರೆ ತೊಳೆಯುವ ಸದ್ದು ಜೋರು ಮಾಡಿದಳು, ಅಷ್ಟೆ.

ಮೊನ್ನೆ ರಜೆಗೆ ನಾನು ಅಲ್ಲಿಗೆ ಊಟಕ್ಕೆ ಹೋಗಿದ್ದೆ. ಅಕ್ಕ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಭಾವ ಅಲ್ಲೇ ಕುಕ್ಕುರುಗಾಲಲ್ಲಿ ಕೂತು ಕುಂಡದ ಗಿಡದ ಫೋಟೋ ತೆಗೆಯುತ್ತಿದ್ದರು. ಕೆಳಗೆ ಬಂದು ಕ್ಯಾಮೆರಾವನ್ನು ಟೀವಿಗೆ ಸಿಗಿಸಿ ಒಂದೊಂದೇ ಚಿತ್ರ ನೋಡುತ್ತಿದ್ದವರು ತಟ್ಟನೆ ಎದ್ದು ನಿಂತರು. ಬಿಳಿ ಎಲೆಗಳ ಹಿಂದೆ, ಒದ್ದೆ ಅಂಗಿ ಕೊಡವುತ್ತಾ ಅಕ್ಕ ಸಿಕ್ಕಿಬಿದ್ದಿದ್ದಳು. ಮುಖ ತುಂಬ ಒಂದೇ ಬಣ್ಣ. ಚರ್ಮದ ಕಪ್ಪು ಬಿಳುಪಿನ ವ್ಯತ್ಯಾಸ ಆ ಬೆಳಕಿಗೆ ಗೊತ್ತಾಗುವುದಿಲ್ಲವಂತೆ. ಮಚ್ಚೆ ಹುಡುಕಿದರೂ ಇರಲಿಲ್ಲ. ಚಿಕ್ಕಂದಿನಲ್ಲಿ ನನ್ನ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದ ಅಕ್ಕ ಎದುರಿಗೇ ನಿಂತಿದ್ದಳು.

"ಬಾರೇ ಇಲ್ಲಿ! ಬೇಗ ಬಾ!"

ಭಾವನ ಬಾಯಲ್ಲಿ ಅಷ್ಟು ಜೋರು ದನಿ ನಾನು ಕೇಳಿಯೇ ಇರಲಿಲ್ಲ. ಖಾಲಿ ಬಕೆಟ್ಟು ಹಿಡಿದು ಬಂದ ಅಕ್ಕನನ್ನು ಟೀವಿಯ ಮುಂದೆ ನಿಲ್ಲಿಸಿ, ಕಣ್ಣು ತುಂಬಿಕೊಂಡು, "ನೋಡು, ಒಂದೂ ಇಲ್ಲ! ಹಣೆ ಮೇಲಿಲ್ಲ, ಕೆನ್ನೆ ಮೇಲಿಲ್ಲ, ಒಂದೇ ಒಂದೂ ಇಲ್ಲ! ಇದನ್ನೇ ಕಳ್ಸೋಣ ಮಗಳಿಗೆ" ಎಂದರು.

ಅಕ್ಕ ತುಂಬ ಹೊತ್ತು ನೋಡಿದಳು. ಆಮೇಲೆ ತಿರುಗಿ ಭಾವನ ಮುಖ ನೋಡಿದಳು.

"ಏನು ಒಂದೂ ಇಲ್ಲ?"

ಭಾವನ ಮುಖ ಸಣ್ಣದಾಯಿತು.

"ನೀವು 'ನಂಗೇನೂ ಕಾಣ್ಸೋದೇ ಇಲ್ಲ, ನೀನು ಮೊದಲಿದ್ದ ಹಾಗೇ ಇದ್ದೀಯ' ಅಂತ ಹೇಳ್ಕೊಂಡೇ ಬಂದ್ರಿ. ಕಾಣ್ದೇ ಇದ್ರೆ, ಇದರಲ್ಲಿ ಇಲ್ಲ ಅಂತ ಹೇಗೆ ಗೊತ್ತಾಯ್ತು?"

ಏನಾದರೂ ಹೇಳಿ ಮಾತು ತೇಲಿಸೋಣವೆಂದು ನಾನು ಬಾಯಿ ತೆರೆದೆ. "ನೀನು ಸುಮ್ನಿರೋ" ಎಂದಳು. ಸಿಟ್ಟಿನಿಂದಲ್ಲ, ದನಿಯಲ್ಲಿದ್ದದ್ದು ಬರೀ ದಣಿವು.

ಭಾವ ಕುರ್ಚಿಯಲ್ಲಿ ಕುಸಿದರು. "ಕಾಣುತ್ತೆ" ಎಂದರು. "ತುಟಿ ಹತ್ರ ಮೊದಲ್ನೇದು ಬಂತಲ್ಲ, ಅದನ್ನ ನಿನಗಿಂತ ಮುಂಚೆ ನಾನೇ ನೋಡಿದ್ದೆ. ಹೇಳೋಕೆ ಹೆದರಿಕೆ ಆಯ್ತು. ದಿನಾ ಕಾಣುತ್ತೆ."

ಅಕ್ಕ ಪಕ್ಕದ ಕುರ್ಚಿ ಎಳೆದು ಕೂತಳು. ಟೀವಿಯತ್ತ ಕೈ ಮಾಡಿ, "ಅದನ್ನ ಕಳಿಸ್ಬೇಡಿ. ಆ ಮುಖ ಅವಳಿಗೆ ಗುರುತೇ ಇಲ್ಲ, ಯಾರಿದು ಅಂತಾಳೆ. ಮುಂದಿನ ರಜೆಗೆ ಬೇರೆ ತೆಗೀರಿ, ಸಾದಾ ಕ್ಯಾಮೆರಾದಲ್ಲಿ. ಇವತ್ತು ಸುಸ್ತಾಗಿದೆ" ಎಂದಳು.

ಭಾವ ಮೆಲ್ಲಗೆ ಟೀವಿ ಆರಿಸಿದರು.

"ಇಷ್ಟು ವರ್ಷ ಈ ಮಚ್ಚೆಗಳನ್ನ ನಾನೊಬ್ಳೇ ನೋಡ್ತಿದ್ದೀನಿ ಅನ್ಕೊಂಡಿದ್ದೆ ಕಣ್ರೀ" ಎಂದು ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು.