ಕೆಮ್ಮಣ್ಣಿನಿಂದ ತಪ್ಪಿಸಿಕೊಂಡ ಗುಳ್ಳೆ

ಕಾಯಿಲೆ ಹೇಳಿಕೊಳ್ಳಲು ನಮ್ಮ ಜನಕ್ಕೆ ಸಂಕೋಚವಿಲ್ಲ. ಕಾಲಿನ ಆಣಿಯನ್ನು ಬಸ್ಸಿನಲ್ಲಿ ಪಕ್ಕದವರಿಗೆ ತೋರಿಸುತ್ತೇವೆ, ಮೂಲವ್ಯಾಧಿಯ ವಿಚಾರವನ್ನು ಮದುವೆಯ ಪಂಕ್ತಿಯಲ್ಲೇ ಎತ್ತುತ್ತೇವೆ. ಆದರೆ ಸೊಂಟದಿಂದ ಒಂದು ಗೇಣು ಕೆಳಗೆ ನಾಲ್ಕು ನೀರುಗುಳ್ಳೆ ಎದ್ದರೆ ಎಂಥ ವಾಚಾಳಿಯೂ ಮೌನವ್ರತ ಹಿಡಿಯುತ್ತಾನೆ. ನಾನೂ ಹಿಡಿದೆ.

ದಾವಣಗೆರೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಊರಿನ ಅರ್ಧ ಮೂಗುಗಳು ನನಗೆ ಪರಿಚಯ, ಅವುಗಳಲ್ಲಿ ಡಾಕ್ಟರರ ಮೂಗುಗಳೂ ಸೇರಿವೆ. ನಾನೇ ಮೂಗಿನ ಅಳತೆ ತೆಗೆದವರ ಎದುರು ಪಂಚೆ ಸಡಿಲಿಸುವುದು ಹೇಗೆ? ಇತ್ತ ಮೈಯಲ್ಲಿ ಜ್ವರ, ಮೂತ್ರಕ್ಕೆ ಹೋದರೆ ಮೆಣಸಿನಕಾಯಿ ಅರೆದು ಹಚ್ಚಿದಂಥ ಉರಿ. ಗೊಂಚಲು ಗುಳ್ಳೆ, ಉರಿ ಎಂದಮೇಲೆ ಇದು ಸರ್ಪಸುತ್ತೇ ಎಂದು ನನಗೆ ನಾನೇ ವೈದ್ಯನಾದೆ. ಸರ್ಪಸುತ್ತಿಗೆ ನಮ್ಮ ಕಡೆ ಕೆಮ್ಮಣ್ಣು ಹಚ್ಚುತ್ತಾರೆ. ಸರ್ಪದ ತಲೆಗೂ ಬಾಲಕ್ಕೂ ಗಂಟು ಬೀಳದಂತೆ ಗುಳ್ಳೆಯ ಸುತ್ತ ಗೆರೆ ಎಳೆಯಬೇಕು, ಎಳೆಯುವವರಿಗೆ ಕೈಗುಣ ಇರಬೇಕು.

ಹದಡಿಯಲ್ಲಿರುವ ನನ್ನ ಸೋದರತ್ತೆಗೆ ಆ ಕೈಗುಣವಿದೆ. ಹೋದೆ. ಎಲ್ಲಿ ತೋರಿಸು ಎಂದಳು. ಸೊಂಟದ ಹತ್ತಿರ ಎಂದೆ. ಸೊಂಟವನ್ನೇ ತೋರಿಸು ಎಂದಳು. ನಾನೇ ಹಚ್ಚಿಕೊಳ್ಳುತ್ತೇನೆ ಎಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೆಮ್ಮಣ್ಣಿನ ಉಂಡೆಯನ್ನು ಪೇಪರಿನಲ್ಲಿ ಕಟ್ಟಿಕೊಟ್ಟಳು. ಬಚ್ಚಲಲ್ಲಿ ಬಗ್ಗಿದರೆ ಕನ್ನಡಕ ಜಾರುತ್ತದೆ, ತೆಗೆದಿಟ್ಟರೆ ಗುಳ್ಳೆ ಕಾಣುವುದಿಲ್ಲ. ಕೊನೆಗೆ ಅಂದಾಜಿನ ಮೇಲೆ ಬಳಿದೆ.

ಹೆಂಡತಿ ಗಿರಿಜೆಗೆ ಮಾತ್ರ ಉಸಿರು ಬಿಡಲಿಲ್ಲ. ಅವಳಿಗಾದರೆ ಪ್ರತಿ ಬೇಸಿಗೆ ತುಟಿಯಂಚಿನಲ್ಲಿ ಗುಳ್ಳೆ ಏಳುತ್ತದೆ. ಜೇಡ ಉಚ್ಚೆ ಹೊಯ್ದಿದೆ ಎಂದು ಊರಿಗೆಲ್ಲ ಸಾರಿ, ಪೊರಕೆ ಹಿಡಿದು ಮನೆಯ ಬಲೆಗಳನ್ನೆಲ್ಲ ಕೆಡವುತ್ತಾಳೆ. ನನ್ನ ಗುಳ್ಳೆಯ ಜಾಗಕ್ಕೆ ಜೇಡನ ಹೆಸರು ಹೇಳಿದರೆ ಯಾರು ನಂಬುತ್ತಾರೆ? ಇದು 'ಅಂಥ' ಕಾಯಿಲೆಯೇ ಆಗಿದ್ದರೆ ಅವಳು ಕೇಳುವ ಮೊದಲ ಪ್ರಶ್ನೆ ಯಾರಿಂದ ಬಂತು ಎಂಬುದು. ಅವಳನ್ನು ಬಿಟ್ಟು ನಾನು ಯಾರ ಹತ್ತಿರವೂ ಹೋದವನಲ್ಲ. ಆದರೆ ಗುಳ್ಳೆ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಉರಿಗಿಂತ ಆ ಪ್ರಶ್ನೆಗೇ ನಾನು ಹೆದರಿದ್ದೆ. ಹಾಲ್‌ನಲ್ಲಿ ಗಾಳಿ ಚೆನ್ನಾಗಿದೆ ಎಂದು ಹಾಸಿಗೆಯನ್ನು ಅಲ್ಲಿಗೆ ಸಾಗಿಸಿದೆ.

ಕೆಮ್ಮಣ್ಣು ಒಣಗಿ ಅಷ್ಟಿಷ್ಟು ಉದುರಿತು, ಉರಿ ಇಳಿಯಲಿಲ್ಲ. ಹರಿಹರದಲ್ಲಾದರೆ ನನ್ನನ್ನು ಬಲ್ಲವರಿಲ್ಲ ಎಂದು ಬಸ್ಸು ಹತ್ತಿ ಅಲ್ಲಿನ ಚರ್ಮದ ಡಾಕ್ಟರ ಬಳಿ ಹೋದೆ. ಒಳಗೆ ಕೂತಿದ್ದವರು ಹೆಂಗಸು. ಅವರ ಮೂಗಿನ ಮೇಲಿದ್ದ ಕಂದು ಫ್ರೇಮು ದೀಪಾವಳಿಯಲ್ಲಿ ನಾನೇ ಕೂರಿಸಿಕೊಟ್ಟದ್ದು.

"ಈಗ ಜಾರಂಗಿಲ್ರಿ, ಚಲೋ ಐತೆ," ಎಂದರು ಕನ್ನಡಕ ಮುಟ್ಟಿಕೊಂಡು. ನಂತರ ಕೈಗವಸು ಹಾಕಿ ನೋಡಿದರು. ಸ್ವಲ್ಪ ಹೊತ್ತು ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದರು. ನಗು ತಡೆದುಕೊಳ್ಳುತ್ತಿದ್ದರೆಂದು ಭುಜ ನೋಡಿದರೆ ತಿಳಿಯುತ್ತಿತ್ತು.

"ಒಂದಾದ್ರೂ ಬಳೀದೇ ಇರೋ ಗುಳ್ಳೆ ಉಳಿಸೀರೇನ್ರಿ?"

ಹೊಸ ಗುಳ್ಳೆಯ ನೀರನ್ನು ಹತ್ತಿಯ ಕಡ್ಡಿಯಲ್ಲಿ ಒರೆಸಿ ಲ್ಯಾಬಿಗೆ ಕಳಿಸಬೇಕಂತೆ. ಒಣಗಿದರೆ ಪರೀಕ್ಷೆ ತಪ್ಪು ಹೇಳಬಹುದಂತೆ. ಪುಣ್ಯಕ್ಕೆ ಮೂಲೆಯಲ್ಲೊಂದು ನನ್ನ ಅಂದಾಜಿಗೆ ಸಿಗದೆ ಉಳಿದಿತ್ತು. ಕಣ್ಣು ಮಂದವಾಗಿರುವುದಕ್ಕೆ ನಾನು ದೇವರಿಗೆ ಕೈಮುಗಿದದ್ದು ಅದೇ ಮೊದಲು.

ಇದು ಸರ್ಪಸುತ್ತಲ್ಲ, ಅದರ ದಾಯಾದಿ ಹರ್ಪಿಸ್ ಇದ್ದಂತಿದೆ ಎಂದರು. ಒಮ್ಮೆ ಮೈ ಸೇರಿದರೆ ನರದ ಬುಡದಲ್ಲಿ ಮಲಗಿರುತ್ತದೆ, ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಏಳಲೂಬಹುದು. ಮಾತ್ರೆಯಿಂದ ಹುಣ್ಣು ಬೇಗ ಮಾಯುತ್ತದೆ, ಬುಡಸಮೇತ ಹೋಗುವುದಿಲ್ಲ. ಮತ್ತೆ ಬಂದರೂ ಸಾಮಾನ್ಯವಾಗಿ ಇಷ್ಟು ಜೋರಿರುವುದಿಲ್ಲ. ಮಾಯುವತನಕ ಹೆಂಡತಿಯಿಂದ ದೂರವಿರಬೇಕು. ಗುಳ್ಳೆಯಿಲ್ಲದಾಗಲೂ ಅಂಟಬಹುದು, ಕಾಂಡೋಮ್ ಆ ಭಯವನ್ನು ಕಡಿಮೆ ಮಾಡುತ್ತದೆ, ಪೂರ್ತಿ ತೆಗೆಯುವುದಿಲ್ಲ. ರಕ್ತ ಪರೀಕ್ಷೆ ಮಾಡಿದರೆ ಯಾರಿಂದ ಬಂತೆಂದು ತಿಳಿಯುತ್ತದೆಯೇ ಎಂದು ಆಸೆಯಿಂದ ಕೇಳಿದೆ. ವೈರಸ್ಸು ಎಂದೋ ಮೈಗೆ ಬಂದಿತ್ತೆಂದು ಅದು ಹೇಳೀತು, ಯಾವಾಗ, ಯಾರಿಂದ ಎಂದು ಯಾವ ಲ್ಯಾಬೂ ಹೇಳದು ಎಂದರು. ಮನೆಯಲ್ಲಿ ಯಾರಿಗಾದರೂ ತುಟಿಯ ಮೇಲೆ ಗುಳ್ಳೆ ಏಳುತ್ತದೆಯೇ ಎಂದು ಕೇಳಿದರು. ನಾನು ಜೇಡನ ಕಥೆ ಹೇಳಿದೆ. ಅವರು ಮತ್ತೆ ಗೋಡೆಯ ಕಡೆ ತಿರುಗಿದರು.

ಎರಡನೇ ಸಲ ಹರಿಹರಕ್ಕೆ ಹೋದಾಗ ವರದಿ ಬಂದಿತ್ತು. ಹರ್ಪಿಸ್ಸೇ. ಅದರಲ್ಲಿ ಎರಡು ಜಾತಿಯಂತೆ, ನನ್ನದು ಹೆಚ್ಚಾಗಿ ತುಟಿಯಲ್ಲಿ ಕಾಣಿಸುವ ಜಾತಿ. ಬಾಯಿಂದ ಕೆಳಗೂ ಅಂಟಬಲ್ಲದು. ಹೆಂಡತಿಗೆ ಹೇಳಿ, ಬೇಕಿದ್ದರೆ ಕರೆದುಕೊಂಡು ಬನ್ನಿ ಎಂದರು ಡಾಕ್ಟರು.

ಮನೆಗೆ ಬಂದರೆ ಗಿರಿಜೆ ನನ್ನ ಪಂಚೆ ಹಿಡಿದು ನಿಂತಿದ್ದಳು. ಅದರ ತುಂಬ ಕೆಮ್ಮಣ್ಣಿನ ಕಲೆ. ಸರ್ಪಸುತ್ತಿನ ಸುದ್ದಿ ಹದಡಿಯ ಅತ್ತೆಯಿಂದ, ಹರಿಹರದ್ದು ನನ್ನ ಅಂಗಿಯ ಜೇಬಿನ ಬಸ್ ಟಿಕೆಟ್ಟಿನಿಂದ ಅವಳಿಗೆ ತಿಳಿದಿತ್ತು.

"ಸರ್ಪಸುತ್ತಾದೋರು ಹೆಂಡ್ತಿಗೆ ಹೇಳ್ದೆ ಹರಿಹರಕ್ಕೆ ಯಾಕ ಹೋಗ್ತಾರ್ರಿ?"

ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಬೆರಳು ತಾನಾಗಿ ತುಟಿಯಂಚಿಗೆ ಹೋಯಿತು. ನಿನ್ನಿಂದಲೇ ಬಂತೆಂದು ಡಾಕ್ಟರು ಖಚಿತವಾಗಿ ಹೇಳಿಲ್ಲ ಎಂದು ಪ್ರಾಮಾಣಿಕವಾಗಿ ಸೇರಿಸಿದೆ.

"ಬ್ಯಾರೆ ಎಲ್ಲೂ ಹೋಗಿಲ್ಲ ಅಲ್ಲಾ?" ಎಂದಳು. ದನಿ ಸಣ್ಣಗಿತ್ತು.

"ಹರಿಹರಕ್ಕೆ ಬಿಟ್ರೆ ಎಲ್ಲೂ ಇಲ್ಲ."

ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಲ್ಯಾಬು ಹೇಳಲಾರದ್ದನ್ನು ಅವಳು ಅಲ್ಲಿ ಓದಿಕೊಂಡಳೆಂದು ಕಾಣುತ್ತದೆ. ಪಂಚೆಯನ್ನು ಬಕೆಟ್ಟಿಗೆ ಹಾಕಿ ಹಾಲ್‌ನಲ್ಲಿದ್ದ ಹಾಸಿಗೆ ಸುತ್ತತೊಡಗಿದಳು. ಮಾಯುವತನಕ ದೂರ ಇರಬೇಕಂತೆ ಎಂದು ನೆನಪಿಸಿದೆ. "ದೂರ ಅಂದ್ರೆ ಮಂಚದ ಆ ಕಡೆ. ಹಾಲ್ ಅಲ್ಲ," ಎಂದಳು.

ಈ ಬೇಸಿಗೆಯಲ್ಲಿ ಗಿರಿಜೆಯ ತುಟಿಯ ಮೇಲೆ ಮತ್ತೆ ಗುಳ್ಳೆ ಎದ್ದಿದೆ. ಮಾಯುವತನಕ ಹತ್ತಿರ ಸುಳಿಯಬೇಡಿ ಎಂದು ಅವಳೇ ಹೇಳಿ, ಮಾತ್ರೆ ನುಂಗಿ ಅಡುಗೆಗೆ ಹೋಗಿದ್ದಾಳೆ. ಪೊರಕೆ ಬಾಗಿಲ ಹಿಂದೆ ಸುಮ್ಮನೆ ನಿಂತಿದೆ. ಅಡುಗೆಮನೆಯ ಮೂಲೆಯಲ್ಲಿ ಜೇಡ, ಅಪವಾದ ಕಳೆದುಕೊಂಡು, ನನ್ನಷ್ಟೇ ನೆಮ್ಮದಿಯಾಗಿ ಬಲೆ ನೇಯುತ್ತಿದೆ.