ದೇವರ ಮನೆ ಸೇರಿದ ಗಿಡದ ಚೀಟಿಗಳು

ತೊಂಬತ್ತರ ದಶಕದಲ್ಲಿ ಬಸವನಗುಡಿಯ ನಮ್ಮ ಮನೆಗೆ ರಾಶಿ ರಾಶಿ ಮದುವೆ ಕಾರ್ಡುಗಳು ಬರುತ್ತಿದ್ದವು. ಮಾವ ಮೇಷ್ಟರಾಗಿದ್ದವರು, ಅವರ ಹತ್ತಿರ ಪಾಠ ಕೇಳಿದವರೆಲ್ಲ ಕರೆಯುತ್ತಿದ್ದರು. ಆ ಕಾರ್ಡುಗಳನ್ನು ಎಸೆಯುವಂತಿರಲಿಲ್ಲ, ಮೂಲೆಗೆ ಅರಿಶಿನ ಹಚ್ಚಿರುತ್ತಿತ್ತು. ರದ್ದಿಗೆ ಹಾಕುವಂತಿರಲಿಲ್ಲ, ದೇವರ ಚಿತ್ರ ಇರುತ್ತಿತ್ತು. ಅಟ್ಟದ ಮೇಲೆ ಬಿದ್ದಿದ್ದನ್ನು ಜಿರಳೆ ತಿನ್ನಬಹುದಿತ್ತು, ಅದಕ್ಕೆ ಮಾತ್ರ ಯಾರ ಆಕ್ಷೇಪವೂ ಇರಲಿಲ್ಲ.

ನಾನು ಅವುಗಳಿಂದ ಹಿತ್ತಲಿನ ತರಕಾರಿ ಪಾತಿಗೆ ಹೆಸರಿನ ಚೀಟಿ ಮಾಡುತ್ತಿದ್ದೆ. ಗಣಪತಿಯ ಚಿನ್ನದ ಬಣ್ಣದ ಅಚ್ಚು ಒತ್ತಿದ ಮೇಲ್ಭಾಗ ಗಟ್ಟಿ, ಬೇಗ ನೆನೆಯದು, ಅದನ್ನೇ ಕತ್ತರಿಸಿಕೊಳ್ಳುತ್ತಿದ್ದೆ. ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಒತ್ತಿ ಬರೆಯಬೇಕು. ಪೆನ್ನಿನ ಶಾಯಿ ಒಂದೇ ಮಳೆಗೆ ಹರಿದುಹೋಗುತ್ತದೆ, ಪೆನ್ಸಿಲ್ ಹೋಗುವುದಿಲ್ಲ. ಹೊಸ ಶರ್ಟಿನ ಜೊತೆ ಬರುವ ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಂಚನ್ನು ಮೇಣದ ಬತ್ತಿಗೆ ತೋರಿಸಿ ಅಂಟಿಸಿ, ಸವೆದ ಪೊರಕೆಯ ಕಡ್ಡಿಗಳಿಗೆ ಕಟ್ಟಿದರೆ ಮುಗಿಯಿತು. ಖರ್ಚಿಲ್ಲ.

ಇದು ನನ್ನ ಶೋಕಿಯಲ್ಲ. ಭಾನುವಾರ ಕಳೆ ಕೀಳುವುದು ನನ್ನ ಗಂಡನ ಕೆಲಸ, ಅವರಿಗೋ ಹರಿವೆ ಯಾವುದು ಹುಲ್ಲು ಯಾವುದು ತಿಳಿಯದು. ಅದಕ್ಕೇ ಕಾನೂನು ಮಾಡಿದ್ದೆ: ಚೀಟಿ ಇರುವ ಸಾಲನ್ನು ಮುಟ್ಟಬಾರದು, ಮಿಕ್ಕ ಸಣ್ಣ ಸಸಿಗಳನ್ನು ಕಿತ್ತುಹಾಕಬಹುದು.

ಒಂದು ವರ್ಷ ಪಾತಿಯ ಒಂದು ಸಾಲಿನಲ್ಲಿ ಅಮ್ಮನ ಬದನೆ ಇತ್ತು. ಬಿಳಿ ಗೀರಿನ ಪುಟ್ಟ ಕಾಯಿ, ಅಮ್ಮನ ಅಜ್ಜಿ ಊರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ಬೀಜದ್ದು. ಶ್ರೀರಾಂಪುರದ ವಠಾರದಲ್ಲಿ ಅಮ್ಮ ಅದನ್ನು ಎಣ್ಣೆ ಡಬ್ಬಗಳಲ್ಲಿ ಬೆಳೆದು, ಪ್ರತಿ ಸಲ ಒಂದು ಕಾಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು, ಬೀಜವನ್ನು ಬೂದಿಯಲ್ಲಿ ಬೆರೆಸಿ ಕಾಪಾಡಿಕೊಂಡು ಬಂದಿದ್ದಳು. ವಠಾರ ಕೆಡವಿದ ಮೇಲೆ ಅಣ್ಣನ ಮೂರನೇ ಮಹಡಿಯ ಮನೆಗೆ ಹೋದಳು. ಅಲ್ಲಿ ಬಿಸಿಲೇ ಬೀಳುವುದಿಲ್ಲ. ಉಳಿದಿದ್ದ ಬೀಜವನ್ನೆಲ್ಲ ನನ್ನ ಕೈಗೆ ಹಾಕಿ, "ನನ್ ಹತ್ರ ಇನ್ನಿಲ್ಲ ಕಣೆ. ಒಂದು ಹಣ್ಣು ಬೀಜಕ್ಕೆ ಬಿಟ್ಬಿಡು" ಎಂದಳು. ನಾನು ಎಲ್ಲವನ್ನೂ ಬಿತ್ತಿದೆ.

ಸಸಿಗಳು ನಾಲ್ಕೆಲೆ ಬಿಟ್ಟಾಗ ಗೆಳತಿಯ ಮಗುವಿನ ನಾಮಕರಣಕ್ಕೆಂದು ಮೈಸೂರಿಗೆ ಹೋದೆ. ಸೋಮವಾರ ಬಂದು ನೋಡಿದರೆ ಮಿಕ್ಕ ಸಾಲುಗಳ ದೊಡ್ಡ ಗಿಡಗಳು ಹಾಗೇ ಇದ್ದವು, ಆ ಸಾಲು ಮಾತ್ರ ಬೋಳು. ಮಣ್ಣನ್ನು ನೀಟಾಗಿ ಕೆದಕಿ ನೀರು ಚಿಮುಕಿಸಲಾಗಿತ್ತು.

"ಸುಂಡೆ ಗಿಡ ಎದ್ದಿತ್ತು, ಎಲ್ಲಾ ಕಿತ್ಹಾಕ್ದೆ," ಎಂದರು ನನ್ನ ಗಂಡ, ಹೆಮ್ಮೆಯಿಂದ. ಸುಂಡೆ ಎಂದರೆ ಬದನೆಯಂಥದೇ ಎಲೆಯ ಕಾಡುಗಿಡ.

"ಚೀಟಿ ಇತ್ತಲ್ಲ?"

"ಒಂದೂ ಇರ್ಲಿಲ್ಲ ಕಣೆ. ಇದ್ದಿದ್ರೆ ಮುಟ್ತಿದ್ನಾ?"

ಕಿತ್ತ ಸಸಿಗಳು ಅಂದು ಬೆಳಿಗ್ಗೆಯೇ ಕಸದ ಗಾಡಿಯಲ್ಲಿ ಹೋಗಿದ್ದವು. ಚೀಟಿಗಳು ದೇವರ ಮನೆಯಲ್ಲಿದ್ದವು. ಮಾವ ಅವನ್ನು ಕಿತ್ತು, ತೊಳೆದು, ಕುಂಕುಮ ಇಟ್ಟು, ಸಾಲಾಗಿ ನಿಲ್ಲಿಸಿದ್ದರು. "ಒಂದೊಂದರ ಮೇಲೂ ಗಣಪತಿ ಇದಾನಲ್ಲಮ್ಮ," ಎಂದರು ಸಮಾಧಾನವಾಗಿ. "ಗೊಬ್ಬರದಲ್ಲಿ ನಿಲ್ಲಿಸೋದಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಸಗಣಿಯ ಉಂಡೆಗೆ ಗರಿಕೆ ಸಿಕ್ಕಿಸಿ ಬೆನಕ ಎಂದು ಕೈಮುಗಿಯುವ ಮನೆ ನಮ್ಮದು. ಮಣೆಯ ಮೇಲಿನ ಸಗಣಿಯಲ್ಲಿ ಇರಬಹುದಾದ ದೇವರು ಪಾತಿಯ ಸಗಣಿಯಲ್ಲಿ ಇರಬಾರದಂತೆ. ಇದನ್ನು ಬಾಯಿಬಿಟ್ಟೇ ಕೇಳಿದೆ.

"ಅದು ಪೂಜೆ ಕಣಮ್ಮ," ಎಂದು ಮಾವ ಪೇಪರ್ ಬಿಡಿಸಿಕೊಂಡರು.

"ಅಪ್ಪಂಗೆ ಎದುರು ಮಾತಾಡ್ಬೇಡ," ಎಂದರು ಗಂಡ. "ಬದನೆಕಾಯಿ ತಾನೆ? ಗಾಂಧಿ ಬಜಾರಿಂದ ತಂದ್ಕೊಡ್ತೀನಿ."

ಸಂಜೆ ತಂದೂಬಿಟ್ಟರು, ಫಳಫಳ ಹೊಳೆಯುವ ನೇರಳೆ ಕಾಯಿಗಳು. ನಾನು ಮುಟ್ಟಲಿಲ್ಲ. ಸುಕ್ಕುಗಟ್ಟಿ ಕೊಳೆಯುವವರೆಗೂ ಬುಟ್ಟಿಯಲ್ಲೇ ಇದ್ದವು. ಅವರಿಬ್ಬರೂ ಅಷ್ಟು ದಿನ ಪಲ್ಯವಿಲ್ಲದೆ ಬರೀ ಸಾರು ಅನ್ನ ಉಂಡರು.

ಅಮ್ಮ ಫೋನಿನಲ್ಲಿ, "ಎದ್ದಿತೇನೇ?" ಎಂದು ಕೇಳಿದಾಗ ನಡೆದದ್ದನ್ನೆಲ್ಲ ಹೇಳಿದೆ. ಅವಳು, "ಹೋಗ್ಲಿ ಬಿಡು, ದೊಡ್ಡೋರು. ದೇವರ ವಿಷ್ಯ" ಎಂದಳು. ಅವಳಾದರೂ ಬೈಯುತ್ತಾಳೆ ಎಂದುಕೊಂಡಿದ್ದೆ. ಎಲ್ಲಕ್ಕಿಂತ ಹೆಚ್ಚು ಕೋಪ ಬಂದದ್ದು ಆ ಮಾತಿಗೇ.

ಮುಂದಿನ ವರ್ಷದಿಂದ ಒಡೆದ ಬಕೆಟ್ ಕತ್ತರಿಸಿ ಚೀಟಿ ಮಾಡಿದೆ. ಅದರ ಮೇಲೆ ಯಾವ ದೇವರೂ ಇರಲಿಲ್ಲ, ಯಾರೂ ಕೀಳಲಿಲ್ಲ. ನೆಡಲು ಅಮ್ಮನ ಬದನೆಯೂ ಇರಲಿಲ್ಲ.

ಈಗ ಮಾವನೂ ಇಲ್ಲ, ಅಮ್ಮನೂ ಇಲ್ಲ. ಕಾರ್ಡಿನ ಚೀಟಿಗಳು ಮಾತ್ರ ದೇವರ ಮನೆಯಲ್ಲೇ ಇವೆ. ನನ್ನ ಗಂಡ ದಿನಾ ಬೆಳಿಗ್ಗೆ ಅವಕ್ಕೆ ಹೂವು ಇಡುತ್ತಾರೆ. ಧೂಳು ಒರೆಸುವಾಗ ಒಂದನ್ನು ತಿರುಗಿಸಿ ನೋಡುತ್ತೇನೆ. 'ಅಮ್ಮನ ಬದನೆ, ಕೀಳಬೇಡಿ' ಎಂದು ನಾನೇ ಬರೆದದ್ದು. ಪೆನ್ಸಿಲ್ ಒಂದಿಷ್ಟೂ ಅಳಿಸಿಲ್ಲ.